ಜ್ಯಾಂಗೋ ಉತ್ಸವಕ್ಕೆ ಗಿಟಾರ್ ಹಿಡಿದು ಹೊರಡುವ ಮುನ್ನ

ಪ್ರಶ್ನೆ: ನಾನು ಮೈಸೂರಿನವನು. ಕೆಲವು ವರ್ಷಗಳಿಂದ ಜಿಪ್ಸಿ ಜಾಝ್ ಗಿಟಾರ್ ಕಲಿಯುತ್ತಿದ್ದೇನೆ. ಈ ಸಲ ಬೇಸಿಗೆಯಲ್ಲಿ ಫ್ರಾನ್ಸ್‌ನ ಫಾಂಟೆನ್‌ಬ್ಲೋದಲ್ಲಿ, ಈ ಸಂಗೀತವನ್ನು ಬೆಳೆಸಿದ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ನೆನಪಲ್ಲಿ ನಡೆಯುವ ಉತ್ಸವಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ. ಅಪ್ಪನೂ ಜೊತೆಗೆ ಬರುತ್ತಾರೆ. ಅವರಿಗೆ 67 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನದಿ ದಡ, ಕಾಡು, ಬಯಲು, ರಾತ್ರಿಯೆಲ್ಲ ಜ್ಯಾಮ್ (ಸಿಕ್ಕವರೆಲ್ಲ ಕೂಡಿ ಕೂತು ನುಡಿಸುವುದು) ಅಂತ ಕೇಳಿ ಮನೆಯವರಿಗೆ ಆತಂಕವಾಗಿದೆ. 'ಜಿಪ್ಸಿಗಳ ನಡುವೆ ಹುಷಾರು' ಅಂತಲೂ ಎಚ್ಚರಿಸುತ್ತಿದ್ದಾರೆ. ನನ್ನ ಗಿಟಾರ್ ಒಯ್ಯಬಹುದೇ? ಅಲ್ಲಿ ನಿಜವಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಉತ್ತರ: ಹೋಗಿ ಬನ್ನಿ. ಗಿಟಾರನ್ನೂ ಒಯ್ಯಿರಿ, ಅಪ್ಪನನ್ನೂ ಕರೆದುಕೊಂಡು ಹೋಗಿ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಈ ಉತ್ಸವ ಎರಡು ಕಡೆ ನಡೆಯುತ್ತದೆ. ಒಂದು, ಟಿಕೆಟ್ ಕೊಟ್ಟು ಒಳಗೆ ಹೋಗುವ ಮೈದಾನ. ಅಲ್ಲಿ ವೇದಿಕೆ, ಪ್ರಥಮ ಚಿಕಿತ್ಸೆಯವರು, ಕಾವಲಿನವರು, ನೀರು, ಶೌಚಾಲಯ ಎಲ್ಲ ಇರುತ್ತದೆ. ಇನ್ನೊಂದು, ಅದರ ಹೊರಗೆ: ಕ್ಯಾಂಪಿಂಗ್ ಮೈದಾನಗಳಲ್ಲಿ, ನದಿ ದಡದಲ್ಲಿ, ಹಳ್ಳಿಯ ಹೋಟೆಲ್ ಮುಂದೆ ಬೆಳಗಿನ ಜಾವದವರೆಗೆ ನಡೆಯುವ ಜ್ಯಾಮ್. ಗಿಟಾರ್ ಕಲಿಯುವವರಿಗೆ ಈ ಎರಡನೆಯದೇ ದೊಡ್ಡ ಪಾಠಶಾಲೆ. ಅಪಾಯಗಳೂ ಹೆಚ್ಚಾಗಿ ಅಲ್ಲೇ ಇವೆ. ಯಾಕೆಂದರೆ ಅಲ್ಲಿ ನಿಮ್ಮನ್ನು ನೋಡಿಕೊಳ್ಳಲು ಯಾರನ್ನೂ ನೇಮಿಸಿರುವುದಿಲ್ಲ. ನಿಮ್ಮ ತಯಾರಿಯೆಲ್ಲ ಆ ಎರಡನೆಯ ಜಾಗಕ್ಕೆ ಆಗಬೇಕು.

ಜಾಗದ ಪರಿಚಯದಿಂದ ಶುರು ಮಾಡೋಣ, ಏಕೆಂದರೆ ಈ ಉತ್ಸವದ ವಿಳಾಸ ಬದಲಾಗಿದ್ದೇ ಒಂದು ಅವಘಡದಿಂದ. ಫಾಂಟೆನ್‌ಬ್ಲೋ ಪಕ್ಕದಲ್ಲಿ ಸೀನ್ ನದಿಯ ದಡಕ್ಕೆ ಅಂಟಿಕೊಂಡು ಸಾಮ್ವಾ ಅನ್ನುವ ಪುಟ್ಟ ಊರಿದೆ. ಜ್ಯಾಂಗೋ 1951ರಲ್ಲಿ ಅಲ್ಲಿ ನೆಲೆಸಿದರು. ಮೀನು ಹಿಡಿಯುವುದು, ಬಿಲಿಯರ್ಡ್ಸ್, ಬಣ್ಣದ ಚಿತ್ರ, ಮನಸ್ಸು ಬಂದಾಗ ಗಿಟಾರ್. 1953ರ ಮೇ 16ರಂದು ಹತ್ತಿರದ ಆವೊಂ ಊರಿನ ರೈಲು ನಿಲ್ದಾಣದಿಂದ ಮನೆಗೆ ನಡೆದು ಬಂದವರು ಕುಸಿದುಬಿದ್ದರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಗ ಅವರಿಗೆ ಬರೀ 43 ವರ್ಷ. ಸಮಾಧಿ ಆ ಊರಿನಲ್ಲೇ ಇದೆ. 1968ರಲ್ಲಿ ಅಲ್ಲಿ ಮೊದಲ ಸ್ಮರಣೆಯ ಉತ್ಸವ ನಡೆಯಿತು. 1983ರಿಂದ ಅದು ವರ್ಷವರ್ಷವೂ ನಡೆಯತೊಡಗಿತು. ಜಾಗ, ಊರಿನ ಎದುರಿಗೇ ನದಿಯ ನಡುವೆ ಇರುವ ಬೆರ್ಸೋ ದ್ವೀಪ. ಮರಗಳ ನೆರಳು, ಸುತ್ತ ನೀರು. ಇದಕ್ಕಿಂತ ಚೆಂದದ ಜಾಗ ಈ ಸಂಗೀತಕ್ಕೆ ಸಿಗುವುದಿಲ್ಲ ಅಂತ ಹಳಬರು ಇವತ್ತಿಗೂ ಹೇಳುತ್ತಾರೆ.

ಆದರೆ ನದಿಯ ನಡುವಿನ ದ್ವೀಪ ಅಂದ ಮೇಲೆ ನದಿಯ ಮಾತು ಕೇಳಲೇಬೇಕು. 2016ರ ಜೂನ್ ಮೊದಲ ವಾರ ಸೀನ್ ಉಕ್ಕಿ ಹರಿಯಿತು. ಪ್ಯಾರಿಸ್‌ನಲ್ಲಿ ನೀರಿನ ಮಟ್ಟ 6 ಮೀಟರ್ ದಾಟಿತು. ಲೂವ್ರ್ ಮ್ಯೂಸಿಯಂ ಬಾಗಿಲು ಹಾಕಿ, ಕೆಳಗಿನ ಕೋಣೆಗಳ ಕಲಾಕೃತಿಗಳನ್ನು ಮೇಲಕ್ಕೆ ಸಾಗಿಸಬೇಕಾಯಿತು. ಉತ್ಸವಕ್ಕೆ ಉಳಿದಿದ್ದು ಒಂದು ತಿಂಗಳು. ದ್ವೀಪದಲ್ಲಿ ನಡೆಸುವಂತಿರಲಿಲ್ಲ. ಹಾಗಾಗಿ ಅದನ್ನು ಫಾಂಟೆನ್‌ಬ್ಲೋ ಅರಮನೆಯ ಉದ್ಯಾನಕ್ಕೆ ತಂದರು. ಮುಂದೆ ಅದೇ ಉತ್ಸವದ ಮನೆಯಾಯಿತು. ಸಾಮ್ವಾ ಹಳ್ಳಿ ಮಾತ್ರ ತನ್ನ ಸಂಗೀತ ಬಿಟ್ಟುಕೊಡಲಿಲ್ಲ. ಆ ದಿನಗಳಲ್ಲಿ ಊರಿನೊಳಗೂ ದಡದಲ್ಲೂ ಗಿಟಾರ್ ಕೇಳಿಸುತ್ತಲೇ ಇರುತ್ತದೆ. ಹತ್ತಿರದ ಸಾಮೊರೋ ಊರಿನ ಕಡೆಯ ಕ್ಯಾಂಪಿಂಗ್‌ನಲ್ಲಿ ಲೋಕದ ಎಲ್ಲ ಕಡೆಯ ಗಿಟಾರಿಗರು ಡೇರೆ ಹಾಕಿಕೊಂಡು ಕೂರುತ್ತಾರೆ. ಟಿಕೆಟ್, ವಿಮಾನ ಬುಕ್ ಮಾಡುವ ಮೊದಲು ಆ ವರ್ಷದ ದಿನಾಂಕ ಮತ್ತು ಜಾಗ ಎರಡನ್ನೂ ಉತ್ಸವದವರ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಹಳೆಯ ಪ್ರವಾಸ ಬರಹಗಳನ್ನು ನಂಬಿ ನೇರ ದ್ವೀಪಕ್ಕೆ ಹೋಗಿ ನಿಲ್ಲುವವರು ಈಗಲೂ ಇದ್ದಾರೆ.

ನದಿ ದಡದ ಬಗ್ಗೆ ಮನೆಯವರ ಆತಂಕ ಸುಳ್ಳಲ್ಲ. ಸೀನ್ ನೋಡಲು ಶಾಂತ. ಆದರೆ ಅದು ಸರಕು ಸಾಗಿಸುವ ದೊಡ್ಡ ದೋಣಿಗಳು ಓಡಾಡುವ ನದಿ. ಅಂಥ ದೋಣಿ ಹೋದ ಸ್ವಲ್ಪ ಹೊತ್ತಿಗೆ ಅಲೆ ದಡಕ್ಕೆ ಬಡಿಯುತ್ತದೆ, ಆಮೇಲೆ ನೀರು ಹಿಂದಕ್ಕೆ ಎಳೆಯುತ್ತದೆ. ಕಲ್ಲುಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನುಡಿಸುವುದು ಫೋಟೋಗೆ ಚೆನ್ನಾಗಿ ಕಾಣುತ್ತದೆ. ಆದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಎದ್ದು ನಿಲ್ಲುವಾಗ ಒಂದು ಕೈಯಲ್ಲಿ ಗಿಟಾರ್ ಇರುತ್ತದೆ, ಹಿಡಿದುಕೊಳ್ಳಲು ಇನ್ನೊಂದೇ ಕೈ. ದಡದಿಂದ ಎರಡು ಮಾರು ಒಳಗೆ ಕೂತರೆ ಸಂಗೀತಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಸೆಖೆ ಅಂತ ನೀರಿಗಿಳಿಯಬೇಡಿ. ರಾತ್ರಿ ದಡದ ದಾರಿಯಲ್ಲಿ ದೀಪ ಕಮ್ಮಿ. ಅಪ್ಪನಿಗೊಂದು, ನಿಮಗೊಂದು ಟಾರ್ಚ್ ಬೇಕೇ ಬೇಕು. ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಆದರೆ ಗಿಟಾರ್ ಹಿಡಿದವರಿಗೆ ಇನ್ನೂ ಒಳ್ಳೆಯದು. ವೈನ್ ಕುಡಿದವರು ಆ ದಾರಿಯಲ್ಲಿ ಒಬ್ಬರೇ ಹೋಗಬಾರದು.

ಡೇರೆಯಲ್ಲಿ ಉಳಿಯುವುದಾದರೆ ಬೆಂಕಿಯ ಬಗ್ಗೆ ಎಚ್ಚರ. ಈ ಸಂಗೀತ ಇವತ್ತಿನ ರೂಪಕ್ಕೆ ಬಂದಿದ್ದರ ಹಿಂದೆ ಒಂದು ಬೆಂಕಿ ಅನಾಹುತ ಇದೆ. 1928ರ ನವೆಂಬರ್ 2ರ ರಾತ್ರಿ ಹದಿನೆಂಟರ ಜ್ಯಾಂಗೋ ತಮ್ಮ ಕ್ಯಾರವಾನ್‌ಗೆ ಬಂದರು. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟ, ಥಟ್ಟನೆ ಹೊತ್ತಿಕೊಳ್ಳುವ ಸೆಲ್ಯುಲಾಯ್ಡ್ (ಪ್ಲಾಸ್ಟಿಕ್‌ನಂಥ ವಸ್ತು) ಹೂಗಳು ಒಳಗೆಲ್ಲ ತುಂಬಿದ್ದವು. ಮೇಣದಬತ್ತಿಯ ಕಿಡಿ ಹೂಗಳಿಗೆ ತಾಗಿತು. ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುದುಡಿಹೋದವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಉಳಿದ ಎರಡು ಬೆರಳಲ್ಲಿ ಗಿಟಾರ್‌ನ ಉದ್ದಕ್ಕೂ ಓಡುವ ಹೊಸ ದಾರಿಯನ್ನು ಅವರು ಕಂಡುಕೊಂಡರು. ನಾವೆಲ್ಲ ನಾಲ್ಕು ಬೆರಳಿಟ್ಟುಕೊಂಡು ಆ ಓಟವನ್ನೇ ಕಲಿಯುತ್ತಿದ್ದೇವೆ. ಡೇರೆಯೊಳಗೆ ಮೇಣದಬತ್ತಿ ಬೇಡ, ಗ್ಯಾಸ್ ಒಲೆಯಂತೂ ಬೇಡವೇ ಬೇಡ. ಬೆಂಕಿಯದ್ದು ಒಂದು ಭಯವಾದರೆ, ಮುಚ್ಚಿದ ಡೇರೆಯಲ್ಲಿ ಒಲೆಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಪಕ್ಕದ ಕಾಡಿನಲ್ಲೂ ಬೆಂಕಿ ಹಚ್ಚುವಂತಿಲ್ಲ. ಅಪ್ಪ ಜೊತೆಗಿದ್ದಾರೆ ಅಂದಮೇಲೆ ನನ್ನ ಸಲಹೆ ಬೇರೆಯೇ ಇದೆ: ಫಾಂಟೆನ್‌ಬ್ಲೋ ಅಥವಾ ಆವೊಂನಲ್ಲಿ ಒಂದು ರೂಮ್ ಮಾಡಿ. ನೀವು ಜ್ಯಾಮ್‌ಗೆ ಹೋಗಿ ಬರಬಹುದು, ಅವರು ಹಾಸಿಗೆಯಲ್ಲಿ ಮಲಗಬಹುದು. ಬೇಗ ಬುಕ್ ಮಾಡಬೇಕಷ್ಟೇ.

'ಜಿಪ್ಸಿಗಳ ನಡುವೆ ಹುಷಾರು' ಅನ್ನುವ ಮಾತಿಗೆ ಸ್ವಲ್ಪ ನಿಂತು ಉತ್ತರಿಸಬೇಕು. ಆ ಭಯವನ್ನು ಇಲ್ಲೇ ಬಿಟ್ಟು ಹೋಗಿ. ಪ್ಯಾರಿಸ್ ಮೆಟ್ರೋದಲ್ಲಿ, ದೊಡ್ಡ ನಿಲ್ದಾಣಗಳ ಗದ್ದಲದಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಅದು ಯಾವುದೇ ದೊಡ್ಡ ಊರಿಗೆ ಸಲ್ಲುವ ಮಾತು. ಅದನ್ನು ಒಂದು ಜನಾಂಗಕ್ಕೆ ಅಂಟಿಸಿದ್ದರಿಂದ ಏನಾಯಿತು ಗೊತ್ತೇ? 1912ರ ಕಾನೂನಿನ ಪ್ರಕಾರ ಫ್ರಾನ್ಸ್‌ನಲ್ಲಿ ಅಲೆಮಾರಿ ಕುಟುಂಬಗಳವರು ಬೆರಳಚ್ಚು, ಮೈ ಅಳತೆ ಇರುವ ಪುಸ್ತಕವನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕಿತ್ತು. ಊರು ಊರಲ್ಲೂ ಅದಕ್ಕೆ ಮುದ್ರೆ ಹಾಕಿಸಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಯುದ್ಧ ಮುಗಿದ ಮೇಲೂ, 1946ರವರೆಗೆ, ಕೆಲವರು ಅಲ್ಲೇ ಇದ್ದರು. ಯೂರೋಪಿನ ಬೇರೆ ಕಡೆಗಳಲ್ಲಿ ನಾಝಿಗಳು ಇವರ ಬಂಧುಬಳಗವನ್ನು ಲಕ್ಷಗಟ್ಟಲೆ ಕೊಂದರು. ಅಷ್ಟು ಹೆಸರು ಮಾಡಿದ್ದ ಜ್ಯಾಂಗೋ ಕೂಡ 1943ರಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಲು ನೋಡಿ ಸಿಕ್ಕಿಬಿದ್ದಿದ್ದರು. ನೀವು ಕಲಿಯುತ್ತಿರುವ ಸಂಗೀತವನ್ನು ಉಳಿಸಿ, ಅಪ್ಪನಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಕ್ಕಳಿಗೆ ದಾಟಿಸಿದವರು, ಜನ ಜಿಪ್ಸಿಗಳು ಅನ್ನುವ ಈ ಮನೂಷ್ ಮತ್ತು ಸಿಂಟಿ ಕುಟುಂಬಗಳೇ. ಅಲ್ಲಿ ನಾವು ಅವರ ಮನೆಯ ಹಬ್ಬಕ್ಕೆ ಹೋದ ನೆಂಟರು.

ನೆಂಟರ ಹಾಗೆ ನಡೆದುಕೊಂಡರೆ ಸಾಕು. ಕ್ಯಾರವಾನ್ ಅಂದರೆ ಮನೆ. ಕೇಳದೆ ಇಣುಕಬಾರದು. ಮಕ್ಕಳ, ಹೆಂಗಸರ ಫೋಟೋ ತೆಗೆಯಬಾರದು. ಮೊಬೈಲ್ ಎತ್ತುವ ಮೊದಲು ಕಣ್ಣಲ್ಲೇ ಒಂದು ಅನುಮತಿ ಕೇಳಿ, ತಲೆಯಾಡಿಸಿದರೆ ಮಾತ್ರ ರೆಕಾರ್ಡ್ ಮಾಡಿ. ಯಾರದ್ದೇ ಗಿಟಾರ್ ಮುಟ್ಟುವ ಮೊದಲು ಕೇಳಿ. ಇಷ್ಟು ಪಾಲಿಸುವವರನ್ನು ಅವರು ಎಷ್ಟು ಪ್ರೀತಿಯಿಂದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಅಪ್ಪನ ವಿಷಯ. ನನ್ನ ಪ್ರಕಾರ ಅವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಬಿಸಿಲು. 'ನಾವು ಇಂಡಿಯಾದವರು, ಬಿಸಿಲು ನಮಗೇನು' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸ್‌ನಲ್ಲಿ 46 ಡಿಗ್ರಿ ದಾಖಲಾಯಿತು. ಅದೇ ವರ್ಷ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ. ಮೈಸೂರು ಕಂಡಿರುವ ಬಿಸಿಲಿಗಿಂತ ಇದು ಜಾಸ್ತಿ, ಅಲ್ವಾ? ಅಲ್ಲಿನ ಎಷ್ಟೋ ರೂಮುಗಳಲ್ಲಿ ಫ್ಯಾನ್ ಕೂಡ ಇರುವುದಿಲ್ಲ. ಬೇಸಿಗೆಯಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ. ಹಾಗಾಗಿ ಮಧ್ಯಾಹ್ನ ಮೈದಾನಕ್ಕೆ ಹೋದವರು ಏಳು ಗಂಟೆವರೆಗೂ ಬಿಸಿಲಲ್ಲೇ ಇರುತ್ತಾರೆ. ಸಂಜೆ ಆಯಿತು ಅಂತ ಮೈಗೆ ಗೊತ್ತೇ ಆಗುವುದಿಲ್ಲ.

ಹೊರಡುವ ಮೊದಲು ಅವರ ಡಾಕ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಿ: ಇವರ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿ ಇದೆಯೇ? ಇದ್ದರೆ ಬಿಸಿಲಿನ ದಿನಗಳಲ್ಲಿ ಮೈಯ ನೀರು, ಉಪ್ಪು ಬೇಗ ಇಳಿಯುತ್ತದೆ. ಎದ್ದ ತಕ್ಷಣ ತಲೆ ಸುತ್ತಬಹುದು. ಆ ದಿನಗಳಲ್ಲಿ ಏನು ಮಾಡಬೇಕು ಅಂತ ಡಾಕ್ಟರೇ ಹೇಳಲಿ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಗಳು ಚೀಟಿಯ ಸಮೇತ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಅವರನ್ನು ನೆರಳಲ್ಲೋ ರೂಮಲ್ಲೋ ಇರಿಸಿ. ಅರಮನೆಯ ದಪ್ಪ ಗೋಡೆಗಳ ಒಳಗೆ ಸುತ್ತುವುದಕ್ಕೂ ಅದು ಒಳ್ಳೆಯ ಹೊತ್ತು. ಆರರ ಮೇಲೆ ಸಂಗೀತ ಕಚೇರಿಗೆ ಬರಲಿ. ಸೆಖೆಯಲ್ಲಿ ಮಾತು ತಡವರಿಸಿದರೆ, ಗೊಂದಲವಾದರೆ, ಮೈ ಕೆಂಡದ ಹಾಗೆ ಸುಟ್ಟರೆ ಕಾಯಬೇಡಿ. ಮೈದಾನದಲ್ಲಾದರೆ ಪ್ರಥಮ ಚಿಕಿತ್ಸೆಯ ಡೇರೆಗೆ, ಹೊರಗಾದರೆ 112ಕ್ಕೆ ಫೋನ್. ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ. ಫ್ರಾನ್ಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಚಿಕಿತ್ಸಾ ವಿಮೆ ಕಡ್ಡಾಯ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ ಅನ್ನುವ ಷರತ್ತು ಇರಬಹುದು. ಬಿಪಿಯನ್ನು ಮುಚ್ಚಿಡದೆ ಬರೆಸಿ, ಆ ಷರತ್ತನ್ನು ಓದಿ ಸಹಿ ಹಾಕಿ.

ಸೆಖೆಯ ಹಿಂದೆಯೇ ಗುಡುಗು ಮಳೆ ಬರುತ್ತದೆ. ಫ್ರಾನ್ಸ್‌ನ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ನಾಲ್ಕು ಬಣ್ಣದ ಎಚ್ಚರಿಕೆ ಕೊಡುತ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಅದನ್ನೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಿತ್ತಳೆ ಬಂದರೆ ಆ ದಿನ ಕಾಡಿನ ದಾರಿ, ದೂರದ ದಡ ಬೇಡ. ಅರಮನೆಯ ಹುಲ್ಲುಗಾವಲಿನ ಸುತ್ತ ಎತ್ತರದ ಮರಗಳಿವೆ. ಬಿಸಿಲಿಗೆ ನೆರಳು ಕೊಟ್ಟ ಅದೇ ಮರ ಗುಡುಗಿನಲ್ಲಿ ಅಪಾಯ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಗಟ್ಟಿ ಕಟ್ಟಡಕ್ಕೋ ಕಾರಿನೊಳಗೋ ಹೋಗಿ. ಡೇರೆ, ಶಾಮಿಯಾನ, ಮರದ ಬುಡ ಇವು ಆಸರೆ ಅಲ್ಲ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾದು ಹೊರಗೆ ಬನ್ನಿ. ಸಂಘಟಕರು ಕಚೇರಿ ನಿಲ್ಲಿಸಿ ಮೈದಾನ ಖಾಲಿ ಮಾಡಿ ಅಂದರೆ, ನುಡಿಸುತ್ತಿರುವುದು ಈ ಸಂಗೀತದ ದೊಡ್ಡ ಗಿಟಾರಿಗ ಸ್ಟೋಕೆಲೋ ರೋಸೆನ್‌ಬರ್ಗ್ ಆಗಿದ್ದರೂ ಎದ್ದು ಹೊರಡಬೇಕು.

ಶಬ್ದದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2017ರ ಫ್ರೆಂಚ್ ನಿಯಮದ ಪ್ರಕಾರ ಸಂಗೀತ ಕಚೇರಿಗಳಲ್ಲಿ ಹದಿನೈದು ನಿಮಿಷದ ಸರಾಸರಿ 102 ಡೆಸಿಬಲ್ ದಾಟುವಂತಿಲ್ಲ. ಕಿವಿಗೆ ಹಾಕುವ ಬೆಣೆಗಳನ್ನು ಸಂಘಟಕರು ಉಚಿತವಾಗಿ ಕೊಡಬೇಕು. 102 ಅಂದರೂ ಕಡಿಮೆಯಲ್ಲ. ಸ್ಪೀಕರ್ ಸಾಲಿನ ಎದುರಿಗೆ ಕೂರಬೇಡಿ. ಧ್ವನಿ ಮಿಶ್ರಣ ಮಾಡುವವರ ಮೇಜಿನ ಹತ್ತಿರ ಕೂತರೆ ಕೇಳುವುದಕ್ಕೂ ಚೆನ್ನ, ಕಿವಿಗೂ ಹಿತ.

ಗಿಟಾರ್ ಒಯ್ಯಬಹುದೇ ಅಂದಿರಿ. ಖಂಡಿತ. ನಿಮ್ಮದು ಸೆಲ್ಮರ್ ಮಾದರಿಯದ್ದು ಅಂದುಕೊಳ್ಳುತ್ತೇನೆ. 1932ರಲ್ಲಿ ಮಾರಿಯೋ ಮಕ್ಕಾಫೆರಿ ರೂಪಿಸಿ ಪ್ಯಾರಿಸ್‌ನ ಸೆಲ್ಮರ್ ಕಂಪನಿ ಮಾಡಲು ಶುರುವಿಟ್ಟ ಗಿಟಾರದು. 1952ಕ್ಕೆ ಅವರು ನಿಲ್ಲಿಸಿದರು. ಒಟ್ಟು ಒಂದು ಸಾವಿರವೂ ಆಗಲಿಲ್ಲ. ಜ್ಯಾಂಗೋ ನುಡಿಸಿದ 503ನೇ ನಂಬರಿನದು ಈಗ ಪ್ಯಾರಿಸ್‌ನ ಸಂಗೀತ ಮ್ಯೂಸಿಯಂನಲ್ಲಿದೆ, ಹೋಗುವ ದಾರಿಯಲ್ಲಿ ನೋಡಿಕೊಂಡು ಹೋಗಿ. ಆ ಗಿಟಾರ್‌ಗಳ ಬೆನ್ನು ಮತ್ತು ಪಕ್ಕೆಗೆ ಬಳಸಿದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಜಾತಿಯ ಮರ. ಅದರಿಂದಲೇ ಒಂದು ಗಾಬರಿ ಹುಟ್ಟುತ್ತದೆ: ಬೀಟೆ ಮರ ದೇಶದಿಂದಾಚೆ ಹೋದರೆ ಕಸ್ಟಮ್ಸ್‌ನವರು ಹಿಡಿಯುತ್ತಾರಾ? 2017ರಲ್ಲಿ ಬೀಟೆಯ ಇಡೀ ಕುಲವನ್ನು ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದಾಗ ಗಿಟಾರ್ ವ್ಯಾಪಾರವೇ ತತ್ತರಿಸಿತ್ತು. 2019ರ ಕೊನೆಗೆ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ನಿಮ್ಮ ಬೀಟೆ ಗಿಟಾರ್‌ಗೆ ಆ ಭಯ ಬೇಡ. ಖರೀದಿ ಬಿಲ್ಲಿನ ಒಂದು ನಕಲು, ನಂಬರ್ ಕಾಣುವ ಫೋಟೋ ಇಟ್ಟುಕೊಳ್ಳಿ. ವಾಪಸು ಬರುವಾಗ 'ಇದನ್ನು ಅಲ್ಲಿ ಕೊಂಡಿರಾ' ಅಂತ ಕೇಳಿದರೆ ಬೇಕಾಗುತ್ತದೆ.

ಭಯ ಬೇಕಾದದ್ದು ಬೇರೆ ಎರಡಕ್ಕೆ. ಒಂದು, ಬ್ರೆಝಿಲ್‌ನ ಬೀಟೆ. ಅದು 1992ರಿಂದ ಮೊದಲ ಪಟ್ಟಿಯಲ್ಲಿದೆ. ಅನುಮತಿ ಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ, ಗಿಟಾರ್ ಹೊಸದಿರಲಿ ಹಳೆಯದಿರಲಿ. ಎರಡು, ತಂತಿ ಮೀಟುವ ಆಮೆ ಚಿಪ್ಪಿನ ಪಿಕ್. ಹಳೆಯ ತಲೆಮಾರಿನ ಗಿಟಾರಿಗರಿಗೆ ಅದರ ಮೇಲೆ ಬಹಳ ಪ್ರೀತಿ. ಉತ್ಸವದ ಸುತ್ತಮುತ್ತ ಯಾರಾದರೂ ಮಾರಲು, ಅಥವಾ ಪ್ರೀತಿಯಿಂದ ಕೊಡಲು ಬರಬಹುದು. ತೆಗೆದುಕೊಳ್ಳಬೇಡಿ. ಆ ಕಡಲಾಮೆ ಅಳಿವಿನ ಅಂಚಿನಲ್ಲಿದೆ. ಅನುಮತಿಯಿಲ್ಲದೆ ಅದರ ಚಿಪ್ಪಿನ ಚೂರನ್ನು ಗಡಿ ದಾಟಿಸಿದರೂ ಅಪರಾಧ. ಈಗ ಹಾಲೆಂಡ್, ಫ್ರಾನ್ಸ್‌ನಲ್ಲಿ ಮಾಡುವ ದಪ್ಪ ಪ್ಲಾಸ್ಟಿಕ್ ಪಿಕ್‌ಗಳು ಅದಕ್ಕೇನೂ ಕಮ್ಮಿಯಿಲ್ಲ.

ವಿಮಾನಕ್ಕೆ ಹಾಕುವಾಗ ತಂತಿ ಸಡಿಲ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಗಿಟಾರ್‌ಗೆ ಆ ಸಲಹೆಯನ್ನು ಹಾಗೇ ಅನ್ವಯಿಸಬೇಡಿ. ಇದರ ಬ್ರಿಡ್ಜ್, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಅಂಟಿಸಿದ್ದಲ್ಲ. ತಂತಿಗಳ ಒತ್ತಡದಿಂದ ಮಾತ್ರ ನಿಂತಿರುತ್ತದೆ. ಎರಡೂ ಪಕ್ಕದ ಮೀಸೆಯಂಥ ತುಂಡುಗಳಷ್ಟೇ ಅಂಟಿಕೊಂಡಿರುತ್ತವೆ. ತಂತಿ ಪೂರ್ತಿ ಸಡಿಲವಾದರೆ ಬ್ರಿಡ್ಜ್ ಕೇಸಿನೊಳಗೆ ಓಡಾಡಿ ಮೇಲ್ಹಲಗೆಯನ್ನು ಗೀಚುತ್ತದೆ, ಅಲ್ಲಿ ಹೋಗಿ ಏರಿಸಿದಾಗ ಶ್ರುತಿಯೇ ಕೂರುವುದಿಲ್ಲ. ಒಂದು ಸ್ವರ, ಹೆಚ್ಚೆಂದರೆ ಎರಡು ಸ್ವರ ಇಳಿಸಿ, ಸಾಕು. ಹೊರಡುವ ಮೊದಲು ಬ್ರಿಡ್ಜ್‌ನ ನಾಲ್ಕೂ ಮೂಲೆಯ ಗಡಿ ಕಾಣುವ ಹಾಗೆ ನೇರ ಮೇಲಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ತಂತಿಗಳ ಕೊನೆಯನ್ನು ಹಿಡಿದಿಡುವ ಬಾಲಕಟ್ಟಿನ (ಟೇಲ್‌ಪೀಸ್) ಲೋಹದ ತಗಡಿನ ಕೆಳಗೆ ಮೆತ್ತನೆ ಬಟ್ಟೆ ತೂರಿಸಿ. ತಲುಪಿದ ಮೇಲೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ನುಡಿಸಿ, ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಅನ್ನು ಕೂದಲೆಳೆಯಷ್ಟು ಬಾಲಕಟ್ಟಿನ ಕಡೆಗೆ ಸರಿಸಿ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಸರಿಸುವಾಗ ಬ್ರಿಡ್ಜ್‌ನ ತಲೆ ಹಿಡಿದು ಎಳೆಯಬಾರದು, ವಾಲಿಬಿಡುತ್ತದೆ. ಬುಡಕ್ಕೆ ಎರಡೂ ಹೆಬ್ಬೆರಳು ಕೊಟ್ಟು ಮೆಲ್ಲಗೆ ತಳ್ಳಿ.

ಅಲ್ಲಿ ಗಿಟಾರ್‌ನ ಶತ್ರು ಎರಡು: ಬಿಸಿಲಲ್ಲಿ ನಿಂತ ಕಾರು, ನಡುರಾತ್ರಿಯ ಇಬ್ಬನಿ. ಮುಚ್ಚಿದ ಕಾರಿನೊಳಗೆ ಬಿಸಿಲಿಗೆ ಕಾದ ಜಾಗಗಳು 60 ಡಿಗ್ರಿ ದಾಟಬಹುದು. ಆ ಶಾಖಕ್ಕೆ ಅಂಟು ಮೆತ್ತಗಾಗುತ್ತದೆ, ಕುತ್ತಿಗೆ ಮುಂದಕ್ಕೆ ವಾಲುತ್ತದೆ. 'ಊಟ ಮಾಡಿ ಬರುವಷ್ಟರಲ್ಲಿ ಏನಾಗುತ್ತೆ' ಅನ್ನಬೇಡಿ, ಊಟಕ್ಕೂ ಜೊತೆಯಲ್ಲೇ ಒಯ್ಯಿರಿ. ರಾತ್ರಿ ಒಂದರ ಮೇಲೆ ನದಿ ದಡದಲ್ಲಿ ಹಲಗೆಯ ಮೇಲೆ ಬೆರಳಾಡಿಸಿ ನೋಡಿ, ತೇವ ತಾಗುತ್ತದೆ. ಒಂದು ಹತ್ತಿ ಬಟ್ಟೆಯಲ್ಲಿ ಒರೆಸಿ ಕೇಸಿಗೆ ಹಾಕಿ. ಒದ್ದೆಯಾಗಿ ಮುಚ್ಚಿಡಬೇಡಿ. ನಿಮಗೂ ಒಂದು ಸ್ವೆಟರ್ ಬೇಕು. ಹಗಲು ಎಷ್ಟೇ ಸೆಖೆ ಇದ್ದರೂ ಆ ಹೊತ್ತಿಗೆ ಬೆರಳು ಮರಗಟ್ಟುವಷ್ಟು ಚಳಿಯಾಗುವುದುಂಟು.

ಆಂಪ್ಲಿಫೈಯರ್‌ಗೆ ಕರೆಂಟ್ ಎಳೆಯುವುದಾದರೆ ಅಡಾಪ್ಟರ್ ನೋಡಿ ಕೊಳ್ಳಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮಷ್ಟೇ. ಆದರೆ ಸಾಕೆಟ್ ಬೇರೆ: ಎರಡು ತೂತು, ಜೊತೆಗೆ ಅರ್ತ್‌ಗಾಗಿ ಹೊರಚಾಚಿದ ಒಂದು ಕಡ್ಡಿ. ಅಗ್ಗದ ಯೂನಿವರ್ಸಲ್ ಅಡಾಪ್ಟರ್‌ಗಳು ಆ ಅರ್ತ್ ಅನ್ನು ಜೋಡಿಸುವುದೇ ಇಲ್ಲ. ಒದ್ದೆ ಹುಲ್ಲಿನ ಮೇಲೆ ನಿಂತು, ಅರ್ತ್ ಇಲ್ಲದ ಆಂಪ್‌ಗೆ ಕೂಡಿಸಿದ ಗಿಟಾರ್ ಹಿಡಿದು, ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ, ಜೀವಕ್ಕೇ ಅಪಾಯ. ಫ್ರಾನ್ಸ್ ಮಾದರಿಯ ಅರ್ತ್ ಇರುವ ಅಡಾಪ್ಟರ್ ಕೊಳ್ಳಿ. ಇಲ್ಲವೇ ಬ್ಯಾಟರಿಯ ಚಿಕ್ಕ ಆಂಪ್ ಒಯ್ಯಿರಿ. ನಿಜ ಹೇಳಬೇಕೆಂದರೆ ಜ್ಯಾಮ್‌ಗಳಲ್ಲಿ ಆಂಪ್ ಬೇಕಾಗಿಯೇ ಇಲ್ಲ. ಈ ಗಿಟಾರ್ ಹುಟ್ಟಿದ್ದೇ ಮೈಕ್ ಇಲ್ಲದೆ ಕೇಳಿಸುವುದಕ್ಕೆ.

ಜ್ಯಾಮ್‌ಗೆ ಕೂರಬಹುದೇ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇದೆ ಅಂತ ನನಗೆ ಗೊತ್ತು. ಕೂರಬಹುದು. ಮೊದಲು ಒಂದೆರಡು ಹಾಡು ನಿಂತು ಕೇಳಿ. ಆಗಲೇ ಐದಾರು ಗಿಟಾರ್ ಲಯ ಹಿಡಿದಿದ್ದರೆ ನಿಮ್ಮದು ಬೇಡ. ಒಬ್ಬರು ನಿಲ್ಲಿಸಿದಾಗ ಅವರ ಜಾಗ ತುಂಬಿ. ಜ್ಯಾಂಗೋ ಅವರ 'ಮೈನರ್ ಸ್ವಿಂಗ್' ಬಂದೇ ಬರುತ್ತದೆ. 1937ರಲ್ಲಿ ಧ್ವನಿಮುದ್ರಿಸಿದ್ದು, ಎ ಮೈನರ್, ಡಿ ಮೈನರ್, ಇ ಸೆವೆನ್, ಹದಿನಾರು ಬಾರ್. ಹಾಗಾಗಿ ಹೊಸಬರು ಅಲ್ಲಿಂದಲೇ ಒಳಗೆ ಬರುತ್ತಾರೆ. 'ಲಾ ಪೊಂಪ್' ಅನ್ನುವ, ಈ ಸಂಗೀತದ ಬುನಾದಿ ಲಯವನ್ನು ಮೆತ್ತಗೆ, ಒಣಗಿಸಿ ನುಡಿಸಿ. ಎರಡನೇ, ನಾಲ್ಕನೇ ಏಟಿಗೆ ಎಡಗೈ ಒತ್ತಡ ಬಿಟ್ಟು ತಂತಿಯನ್ನು ಮುಚ್ಚಬೇಕು. ಸೋಲೋ ನುಡಿಸುತ್ತಿರುವವರ ಪ್ರತಿಯೊಂದು ಸ್ವರವೂ ನಿಮಗೆ ಕೇಳುತ್ತಿರಬೇಕು. ಕೇಳದಿದ್ದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಅಂತಲೇ ಅರ್ಥ. ಒಳ್ಳೆಯ ಲಯ ಹಿಡಿಯುವವರಿಗೆ ಅಲ್ಲಿ ಯಾವಾಗಲೂ ಕುರ್ಚಿ ಸಿಗುತ್ತದೆ. ನಿಮ್ಮ ಸರದಿ ಬಂದಾಗ ಯಾರಾದರೂ ಗದ್ದ ಎತ್ತಿ ಸನ್ನೆ ಮಾಡುತ್ತಾರೆ. ಆಗ ಒಂದು ಸುತ್ತು, ಹೆಚ್ಚೆಂದರೆ ಎರಡು ಸುತ್ತು ಸೋಲೋ ನುಡಿಸಿ ಪಕ್ಕದವರಿಗೆ ಬಿಟ್ಟುಕೊಡಿ.

ಓಡಾಟಕ್ಕೆ ಪ್ಯಾರಿಸ್‌ನ ಗಾರ್ ದ ಲಿಯೋಂನಿಂದ ಆರ್ ಲೈನ್ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಫಾಂಟೆನ್‌ಬ್ಲೋ-ಆವೊಂ. ಕೊನೆಯ ರೈಲಿನ ಸಮಯವನ್ನು ಆಯಾ ದಿನವೇ ನೋಡಿಕೊಳ್ಳಿ, ಹಳಿ ಕೆಲಸ ಅಂತ ರಾತ್ರಿ ರೈಲು ರದ್ದಾಗುವುದುಂಟು. ಪ್ಯಾರಿಸ್‌ನಲ್ಲಿ ಉಳಿದುಕೊಂಡರೆ ಆ ಕೊನೆಯ ರೈಲೇ ನಿಮ್ಮ ಜ್ಯಾಮ್ ಅನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಇದಕ್ಕೇ ಅಲ್ಲೇ ರೂಮ್ ಮಾಡಿ ಅಂದಿದ್ದು. ಮೈದಾನದ ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ. ಗಾಜಿನ ಬಾಟಲಿ, ದೊಡ್ಡ ಬ್ಯಾಗ್ ಬಿಡದಿರುವುದು ಫ್ರಾನ್ಸ್‌ನ ಉತ್ಸವಗಳಲ್ಲಿ ಸಾಮಾನ್ಯ. ಗಿಟಾರ್ ಒಳಗೆ ಬಿಡುತ್ತಾರಾ ಅಂತ ಟಿಕೆಟ್ ಷರತ್ತಿನಲ್ಲಿ ಮೊದಲೇ ಓದಿಕೊಳ್ಳಿ.

ಕೊನೆಗೆ ಕಾಡು. ಫಾಂಟೆನ್‌ಬ್ಲೋದಿಂದ ಸಾಮ್ವಾಗೆ ಕಾಡಿನ ಕಾಲುದಾರಿ ಹಿಡಿದು ನಡೆಯುವವರು ಬಹಳ. ನಡೆಯಿರಿ, ಸೊಗಸಾದ ದಾರಿ. ಆದರೆ ಆ ಕಾಡಿನಲ್ಲಿ ಉಣುಗುಗಳಿವೆ, ಅವು ಲೈಮ್ ಅನ್ನುವ ಕಾಯಿಲೆ ಹರಡುತ್ತವೆ. ಮಂಗನ ಕಾಯಿಲೆ ಕಂಡಿರುವ ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಿಲ್ಲ. ಮೈಸೂರಿನವರಿಗೆ ಹೇಳಬೇಕಾಗುತ್ತದೆ. ಉದ್ದ ಪ್ಯಾಂಟ್ ಹಾಕಿ ಅಂಚನ್ನು ಸಾಕ್ಸಿನೊಳಗೆ ಸೇರಿಸಿ. ಹುಲ್ಲಿನ ಮೇಲೆ ಗಿಟಾರ್ ಹಿಡಿದು ಕೂರುವ ಮೊದಲು ಬಟ್ಟೆ ಹಾಸಿ. ರೂಮಿಗೆ ಬಂದು ಸ್ನಾನ ಮಾಡುವಾಗ ಮಂಡಿ ಹಿಂದೆ, ತೊಡೆ ಸಂದಿ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಅಪ್ಪನ ಬೆನ್ನು ನೀವು ನೋಡಿ, ನಿಮ್ಮದನ್ನು ಅವರು ನೋಡಲಿ. ಕಚ್ಚಿಕೊಂಡಿದ್ದರೆ ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಏನೂ ಬೇಡ. ಅಲ್ಲಿನ ಯಾವ ಔಷಧಿ ಅಂಗಡಿಯಲ್ಲೂ ಉಣುಗು ತೆಗೆಯುವ ಪುಟ್ಟ ಕೊಕ್ಕೆ ಸಿಗುತ್ತದೆ. ಚರ್ಮಕ್ಕೆ ತಾಗಿಸಿ, ಕೊಕ್ಕೆಯನ್ನು ತಿರುಗಿಸುತ್ತ ಎತ್ತಿ. ಒಂದು ದಿನದೊಳಗೆ ತೆಗೆದರೆ ಸೋಂಕಿನ ಸಾಧ್ಯತೆ ತುಂಬಾ ಕಡಿಮೆ. ಓಕ್ ಮರಗಳ ಮೇಲೆ ಬಿಳಿ ಬಲೆಯಂಥ ಗೂಡು, ಸಾಲಾಗಿ ಹೋಗುವ ಕಂಬಳಿಹುಳು ಕಂಡರೆ ಅದರಡಿ ನಿಲ್ಲಬೇಡಿ. ಅದರ ರೋಮ ಗಾಳಿಯಲ್ಲಿ ಬಂದು ತಾಗಿದರೂ ಮೈ ತುರಿಸಿ ದದ್ದೇಳುತ್ತದೆ, ಕಣ್ಣು ಉರಿಯುತ್ತದೆ.

ಮೈಸೂರಿಗೆ ಬಂದ ಮೇಲೂ ಒಂದು ತಿಂಗಳು ಮೈಮೇಲೆ ಕಣ್ಣಿರಲಿ. ಕಚ್ಚಿದ ಜಾಗದಲ್ಲಿ ಕೆಂಪು ಕಲೆ ದಿನದಿನಕ್ಕೆ ಅಗಲವಾಗುತ್ತಾ ಹೋದರೆ, ನೋವಿಲ್ಲ ತುರಿಕೆಯಿಲ್ಲ ಅಂತ ಸುಮ್ಮನಿರಬೇಡಿ. ಜ್ವರ, ಮೈಕೈ ನೋವು ಬಂದರೂ ಅಷ್ಟೇ. ಲೈಮ್ ನಮ್ಮಲ್ಲಿ ಅಪರೂಪ, ಡಾಕ್ಟರಿಗೆ ತಕ್ಷಣ ಹೊಳೆಯದಿರಬಹುದು. ನೀವೇ ಬಾಯಿಬಿಟ್ಟು ಹೇಳಿ: ಇಂಥ ತಾರೀಕಿಗೆ ಫ್ರಾನ್ಸ್‌ನ ಕಾಡಿನಲ್ಲಿ ಓಡಾಡಿದ್ದೆ, ಉಣುಗು ಕಚ್ಚಿತ್ತು, ಇಲ್ಲಾ ಕಚ್ಚಿರಬಹುದು. ಬೇಗ ಗೊತ್ತಾದರೆ ಕೆಲವು ವಾರದ ಆ್ಯಂಟಿಬಯೋಟಿಕ್ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಕಲೆ ಕಂಡ ದಿನವೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದು, ತಾರೀಕು ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಅದು ತುಂಬಾ ಸಹಾಯವಾಗುತ್ತದೆ.